ನನಗೆ ಬಾರದ ಫೋಟೊ

ಹೊಸ ಅಕ್ಕಿ ಊಟದ ದಿನ ನಾದಿನಿ ಉಟ್ಟ ಸೀರೆ ಹಸಿರೋ ನೀಲಿಯೋ, ಈಗ ಖಾತ್ರಿಯಿಲ್ಲ. ಹೊಟ್ಟೆಕಿಚ್ಚಿನಲ್ಲಿ ನೋಡಿದ್ದಕ್ಕೆ ನೆನಪು ತನ್ನದೇ ಬಣ್ಣ ಬಳಿದುಕೊಂಡಿರುತ್ತದೆ. ಮಾತಿನದೂ ಅದೇ ಕಥೆ. ನಾವು ಆಡಿದ್ದು ತುಳುವಿನಲ್ಲಿ, ಬರೆಯುತ್ತಿರುವುದು ಕನ್ನಡದಲ್ಲಿ. ಅವಳ ಮಾತು ಇಲ್ಲಿ ಇದ್ದುದಕ್ಕಿಂತ ಹರಿತವಾಗಿ ಕೇಳಿದರೆ ತಪ್ಪು ನನ್ನದು.

ನನ್ನ ಗಂಡ ಸೈನಿಕ. ಅವರ ತಂಗಿಯ ಗಂಡ ದುಬೈಯಲ್ಲಿದ್ದಾನೆ. ಇಬ್ಬರೂ ವರ್ಷಕ್ಕೊಮ್ಮೆ ಊರಿಗೆ ಬರುವವರೇ. ಆದರೆ ಫರಂಗಿಪೇಟೆಯ ಫ್ಲ್ಯಾಟಿನಲ್ಲಿರುವ ನಾದಿನಿಯ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಅವಳ ಗಂಡ ದಿನವೂ ಇರುತ್ತಿದ್ದ: ತಿಂದ ಬಿರಿಯಾನಿ, ಹೊಸ ಶೂ, ರೂಮಿನ ಕಿಟಕಿ. ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ ಮಾಡಿ ಬಂದ ನಾನು, ಇದನ್ನೆಲ್ಲ ನೋಡಬಾರದು ಎಂದುಕೊಳ್ಳುತ್ತಲೇ ಕೊನೆಯದರವರೆಗೂ ನೋಡುತ್ತಿದ್ದೆ. ನಮಗೆ ಆ ಭಾಗ್ಯವಿರಲಿಲ್ಲ. ಸಮವಸ್ತ್ರ, ಇರುವ ಜಾಗ, ಜೊತೆಗಾರರ ಮುಖ, ಯಾವುದರ ಫೋಟೊವನ್ನೂ ಸೈನಿಕರು ಎಲ್ಲಿಯೂ ಹಾಕುವಂತಿಲ್ಲ, ಮನೆಯವರೂ ಹಾಕಬಾರದು. ಮದುವೆಯಾದ ತಿಂಗಳಲ್ಲೇ ಹೇಳಿದ್ದರು, ಒಪ್ಪಿದ್ದೆ.

ಒಂದು ಸಲ ಮುರಿದೆ. ನಮ್ಮ ಮದುವೆಯಾಗಿ ಮೂರು ವರ್ಷವಾದ ದಿನ ನಾದಿನಿ ಫೋನಿನಲ್ಲಿ, "ಎಂತ ಅತ್ತಿಗೆ, ಒಂದು ಸ್ಟೇಟಸ್ಸೂ ಇಲ್ವಾ? ಅಣ್ಣನನ್ನು ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದ್ದೀರಾ ಮಾರಾಯ್ರೆ?" ಎಂದು ನಕ್ಕಳು. ಗಂಡ ನನಗೆಂದೇ ಕಳಿಸಿದ್ದ, ಸಮವಸ್ತ್ರದಲ್ಲಿ ಚಹಾ ಕುಡಿಯುವ ಫೋಟೊವನ್ನು ಹಾಕಿಬಿಟ್ಟೆ. ಹಿಂದಿದ್ದ, ತುಕಡಿಯ ಹೆಸರಿನ ಫಲಕವನ್ನು ಕತ್ತರಿಸಿದ್ದೆ, ಆದರೂ ಅರ್ಧ ಉಳಿದಿತ್ತು. ಒಂದು ಗಂಟೆ ಇಟ್ಟಿದ್ದೆನೇನೋ, ಎರಡಾದರೂ ಇರಬಹುದು. ಅಷ್ಟರಲ್ಲಿ ಯಾರೋ ಅದನ್ನು ಊರಿನ ಗ್ರೂಪಿಗೆ ದಾಟಿಸಿದರು, ಅಲ್ಲಿಂದ ಹೇಗೋ ಅವರ ಅಧಿಕಾರಿಯ ಕಣ್ಣಿಗೆ ಬಿತ್ತು. ಇವರು ನಿಂತು ಉತ್ತರ ಕೊಡಬೇಕಾಯಿತು. ಅಲ್ಲಿ ಏನೇನಾಯಿತು ಎಂದು ನನಗೆ ಹೇಳಲಿಲ್ಲ. "ಇನ್ನು ಯಾರಿಗೂ ಫೋಟೊ ಕಳಿಸುವುದಿಲ್ಲ," ಎಂದರು ಅಷ್ಟೆ. ಅಂದಿನಿಂದ ನಮ್ಮದು ಬರೀ ದನಿಯ ಸಂಸಾರ.

ಈ ವರ್ಷ ಬೆಳುವಾಯಿಯ ಗಂಡನ ಮನೆಯಲ್ಲಿ ಹೊಸ ಬೆಳೆಯ ಮೊದಲ ಅನ್ನ ಉಣ್ಣುವ ಹೊಸ ಅಕ್ಕಿ ಊಟಕ್ಕೆ ಸೇರಿದ್ದೆವು. ಎಲೆಯ ಮುಂದೆ ಕುಳಿತ ಮೇಲೆ ಕಿರಿಯರು ಹಿರಿಯರಿಗೆಲ್ಲ "ಹೊಸ ಊಟ ಮಾಡ್ತೇನೆ" ಎನ್ನಬೇಕು. ಅವರು "ಮಾಡು" ಎಂದ ಮೇಲೆಯೇ ಮೊದಲ ತುತ್ತು. ದೂರದಲ್ಲಿದ್ದವರಿಗೆ ಫೋನಿನಲ್ಲೇ ಹೇಳುತ್ತೇವೆ. ಬೆಳಗಿನಿಂದ ನಾಲ್ಕೈದು ಸಲ ಇವರಿಗೆ ಕರೆ ಮಾಡಿದ್ದೆ, ಸಿಕ್ಕಿರಲಿಲ್ಲ.

"ಅಣ್ಣನ ಹತ್ರ ನಾನು ಕೇಳಿ ಆಯ್ತು," ಎಂದಳು ಪಕ್ಕದ ಎಲೆಯ ನಾದಿನಿ. "ನೀವು ಊಟ ಮಾಡಿ ಅತ್ತಿಗೆ, ಅನ್ನ ತಣ್ಣಗಾಗ್ತದೆ."

"ನಿನಗೆ ಸಿಕ್ಕಿದರಾ?"

"ಮೆಸೇಜ್ ಹಾಕಿದ್ದೆ. ಇಗೊಳ್ಳಿ, 'ಮಾಡು' ಅಂತ ಉಂಟಲ್ಲ."

ಅವಳು ಚಾಚಿದ ಫೋನಿನಲ್ಲಿ ಆ 'ಮಾಡು'ವಿನ ಮೇಲೆಯೇ ಒಂದು ಫೋಟೊ ಇತ್ತು. ನನ್ನ ಗಂಡ, ಸಮವಸ್ತ್ರದಲ್ಲಿ. ದಪ್ಪ ಮೀಸೆ ಬಿಟ್ಟಿದ್ದರು. ನಾನು ಆ ಮೀಸೆಯನ್ನು ನೋಡಿಯೇ ಇರಲಿಲ್ಲ.

ಅವಳು ಥಟ್ಟನೆ ಫೋನು ಹಿಂದಕ್ಕೆಳೆದುಕೊಂಡಳು. "ದೇವರಾಣೆ ಅತ್ತಿಗೆ, ನಾನು ಇದನ್ನು ಎಲ್ಲಿಯೂ ಹಾಕಲಿಲ್ಲ."

ಹಾಕಿದ್ದರೇ ಚೆನ್ನಾಗಿತ್ತು. ಅವಳನ್ನು ಬೈಯಬಹುದಿತ್ತು, ನಾವಿಬ್ಬರೂ ಒಂದೇ ಎಂದುಕೊಳ್ಳಬಹುದಿತ್ತು. ಕಾವಲಿಯ ಮೇಲಿನ ದೋಸೆಯನ್ನೂ ಊರಿಗೆಲ್ಲ ತೋರಿಸುವವಳು ಇದೊಂದನ್ನು ಬಚ್ಚಿಟ್ಟಿದ್ದಳು. ಬಚ್ಚಿಡುತ್ತಾಳೆ ಎಂಬ ನಂಬಿಕೆ ಅವರಿಗಿತ್ತು. ಸೈನ್ಯದ ನಿಯಮವನ್ನು ನಾನು ತಡೆದುಕೊಂಡೇನು. 'ಯಾರಿಗೂ ಕಳಿಸುವುದಿಲ್ಲ' ಎಂಬುದು ಮಾತ್ರ ನನ್ನೊಬ್ಬಳಿಗಾಗಿ ಮಾಡಿದ ನಿಯಮ.

"ನಿನಗೆ ಯಾವಾಗಿನಿಂದ ಕಳಿಸ್ತಾ ಇದ್ದಾರೆ?" ಎಂದು ಕೇಳಿದೆ.

ಅವಳು ಎದುರಿಗಿದ್ದ ಅತ್ತೆಯ ಕಡೆ ತಿರುಗಿ, "ಅಮ್ಮಾ, ಹೊಸ ಊಟ ಮಾಡ್ತೇನೆ," ಎಂದಳು.