ಹತ್ತುವ ವಿಮಾನಕ್ಕೆ ಸೈಡ್

ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ರಜೆಯಲ್ಲಿ ಕಂಡವರ ತೋಟದಲ್ಲಿ ಕಾಫಿ ಹಣ್ಣು ಕೊಯ್ದು, ಫಿಸಿಕ್ಸ್‌ನಲ್ಲಿ ಒಮ್ಮೆ ಡುಮ್ಕಿ ಹೊಡೆದು, ಕೊನೆಗೂ ಗಳಿಸಿದ ಬಿ.ಎಸ್ಸಿ. ಆಲೂರಿನಲ್ಲಿ ಮೇಷ್ಟ್ರಾದೆ. ಡಿಗ್ರಿಯ ವಿಷಯವನ್ನು ನಾನು ಮಾತಿನ ನಡುವೆ ಸ್ವಲ್ಪ ಹೆಚ್ಚಾಗಿಯೇ ತರುತ್ತೇನೆಂದು ನನ್ನ ಭಾವಮೈದನ ದೂರು. ಅವನು, ಅಂದರೆ ನನ್ನ ಹೆಂಡತಿಯ ತಮ್ಮ, ಯಸಳೂರು ಕಡೆಯ ಎಸ್ಟೇಟೊಂದರಲ್ಲಿ ಜೀಪು ಓಡಿಸುತ್ತಿದ್ದ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಆ ಎಸ್ಟೇಟ್ ಮಾಲೀಕರ ಮಗ ಸಕಲೇಶಪುರದ ಕಲ್ಯಾಣ ಮಂಟಪವೊಂದನ್ನು ಎರಡು ದಿನಕ್ಕೆ ಹಿಡಿದು, ಟೇಬಲ್ ಮೇಲೆ ಆಡುವ ಆಟಗಳ ಹುಚ್ಚರನ್ನೆಲ್ಲ ಬೇರೆ ಬೇರೆ ಊರುಗಳಿಂದ ಸೇರಿಸಿದ. ಅಲ್ಲಿ ಎಲ್ಲಕ್ಕಿಂತ ದೊಡ್ಡದು ವಿಮಾನ ಯುದ್ಧದ ಆಟ. ಊಟದ ಟೇಬಲ್ಲುಗಳನ್ನು ಒಟ್ಟಿಗೆ ಜೋಡಿಸಿ ಮೇಲೆ ನೀಲಿ ಬಟ್ಟೆ ಹಾಸಿದರೆ ಅದೇ ಆಕಾಶ. ಹಿಂದಿನ ಮದುವೆಯ ಸಾರಿನ ವಾಸನೆ ಆ ಆಕಾಶಕ್ಕೆ ಇನ್ನೂ ಹಿಡಿದಿತ್ತು. ಅಂಗೈ ಅಗಲದ ಹಳೇ ಕಾಲದ ವಿಮಾನಗಳು ಕಡ್ಡಿಗಳ ಮೇಲೆ ನಿಂತಿದ್ದವು. ಕಡ್ಡಿ ಉದ್ದವಾದಷ್ಟೂ ವಿಮಾನ ಎತ್ತರದಲ್ಲಿದೆ ಎಂದರ್ಥ. ನಡುವಿನದನ್ನು ಸರಿಸಬೇಕಾದರೆ ಟೇಬಲ್ ಮೇಲೆ ಬೋರಲು ಮಲಗಬೇಕು. ಇಬ್ಬರು ಆಟಗಾರರು ಕೈಕೊಟ್ಟಿದ್ದರಿಂದ, ನೋಡಲು ಹೋಗಿದ್ದ ನನ್ನನ್ನೂ, ಪೆಟ್ಟಿಗೆಗಳನ್ನು ಜೀಪಿನಲ್ಲಿ ತಂದಿಳಿಸಿದ್ದ ಭಾವಮೈದನನ್ನೂ ಎದುರುಬದುರು ಪಕ್ಷಗಳಿಗೆ ಹಾಕಿದರು.

"ಭಾವ, ಡಿಗ್ರಿ ಇರೋ ವಿಮಾನ ಮೊದ್ಲು ಬೀಳ್ತೈತಂತೆ, ಹೌದಾ?" ಅಂದ.

"ಮೊದ್ಲು ನಿಯಮ ಓದ್ಕೋ ಕಣೋ."

"ನೀವು ಓದ್ಕಳಿ. ಬೀಳಾಗ ಉಪಯೋಗಕ್ಕೆ ಬರ್ತದೆ."

ಅವನ ಕೈಯಲ್ಲಿ ಬಿದ್ದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಹೆಂಡತಿಯ ತವರಿನಲ್ಲಿ ಪ್ರತಿ ಹಬ್ಬದ ಊಟಕ್ಕೂ ಪಲ್ಯದ ಜೊತೆ ನನ್ನ ವಿಮಾನವನ್ನೂ ಬಡಿಸುತ್ತಾರೆ. ಯಾರ ಕೈಯಲ್ಲಾದರೂ ಬೀಳುತ್ತೇನೆ, ಇವನ ಕೈಯಲ್ಲಿ ಬೀಳಬಾರದು ಎಂದುಕೊಂಡೆ.

ವಿಮಾನ ಎತ್ತ ಹೋಗಬೇಕೆಂಬುದನ್ನು ತೋರಿಸುವ ಕಾರ್ಡನ್ನು ಪ್ರತಿಯೊಬ್ಬರೂ ಮಗುಚಿ ಇಡಬೇಕು. ಆಮೇಲೆ ಎಲ್ಲರೂ ಒಟ್ಟಿಗೆ ತೆರೆದು, ಅದರಂತೆ ವಿಮಾನ ಸರಿಸಬೇಕು. ಮೂತಿಯ ನೇರಕ್ಕೆ ಶತ್ರು ಸಿಕ್ಕರೆ ದಾಳ ಹಾಕಿ ಗುಂಡು ಹೊಡೆಯಬಹುದು. ನಾನು ವೇಗ, ಕೋನ ಎಲ್ಲ ಲೆಕ್ಕ ಹಾಕಿಯೇ ಆಡಿದೆ. ಆದರೂ ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಪೆಟ್ಟು ಬಿದ್ದರೆ ನನ್ನ ಕಥೆ ಮುಗಿಯುವ ಹಾಗಾಯಿತು. ಜೀವ ಉಳಿಸಿಕೊಳ್ಳಲು ಮೇಲಕ್ಕೆ ಏರತೊಡಗಿದೆ. ಎದುರಿಗೆ, ಮೇಲಿನಿಂದ ಇಳಿದು ಬರುತ್ತಿತ್ತು ಭಾವಮೈದನ ಹಳದಿ ವಿಮಾನ. ಅವನು ನೇರ ಬಂದು ಗುಂಡು ಹೊಡೆದಿದ್ದರೆ ಸಾಕಿತ್ತು, ನಾನು ಉರುಳುತ್ತಿದ್ದೆ.

ಕಾರ್ಡು ತೆರೆದೆವು. ಅವನದು ಎಡಕ್ಕೆ. ಹಳದಿ ವಿಮಾನ ವಿನಯದಿಂದ ಪಕ್ಕಕ್ಕೆ ಸರಿಯಿತು, ನಾನು ಹಾಯಾಗಿ ದಾಟಿದೆ.

ಅವನ ಪಕ್ಷದವನೊಬ್ಬ ತಲೆ ಮೇಲೆ ಕೈ ಹೊತ್ತುಕೊಂಡ. "ಎಡಕ್ಕೆ ಯಾಕೆ ಹೋದೆ?"

"ಅವ್ರು ಹತ್ತಾ ಇದ್ರಲ್ಲ," ಅಂದ ಭಾವಮೈದ. "ಹತ್ತೋ ಗಾಡಿಗೆ ಇಳಿಯೋನು ಸೈಡ್ ಕೊಡ್ಬೇಕು. ದೋಣಿಗಲ್ ಘಾಟಿ ತಿರುವಲ್ಲಿ ಹಿಂಗೇ ನೇರ ನುಗ್ಗಿದ್ರೆ ಏನಾಯ್ತದೆ?"

"ಇದು ಯುದ್ಧ ಮಾರಾಯ."

"ಗೊತ್ತೈತೆ. ಕೈ ತಾನೇ ಹೋಗ್ಬುಡ್ತು."

ಎಲ್ಲರೂ ನಗುತ್ತಿರುವಾಗ ನಾನು ಮುಂದಿನ ಕಾರ್ಡು ಆರಿಸಿದೆ. ಅವನ ಪಕ್ಕದ ಸೀಟಿನಲ್ಲಿ ಕೂತು ಎಷ್ಟೋ ಸಲ ಘಾಟಿ ಇಳಿದವನು ನಾನು. ಸೈಡ್ ಕೊಟ್ಟವನು ಮತ್ತೆ ರಸ್ತೆಗೆ ಬರಲೇಬೇಕು. ಅವನು ಬಂದ. ಅಷ್ಟರಲ್ಲಿ ನನ್ನ ವಿಮಾನ ಪೂರ್ತಿ ಹಿಂದಕ್ಕೆ ತಿರುಗಿತ್ತು, ಮೂತಿಯ ಮುಂದೆಯೇ ಅವನ ಬಾಲ. ದಾಳವೂ ನನ್ನ ಮಾತು ಕೇಳಿತು. ಹಳದಿ ವಿಮಾನ ಪೆಟ್ಟಿಗೆ ಸೇರಿತು.

"ಏನ್ ಲೆಕ್ಕ ಹಾಕಿದ್ರಿ ಭಾವ?"

"ಬಿ.ಎಸ್ಸಿ. ಲೆಕ್ಕ," ಅಂದೆ.

ಸಂಜೆ ಅತ್ತೆಯ ಮನೆಯಲ್ಲಿ ಕಡುಬು. ನಾನು ಬಾಯಿ ತೆರೆಯುವ ಮೊದಲೇ ಅವನು ಎಲೆಯ ಮುಂದೆ ಕೂತು ವರದಿ ಒಪ್ಪಿಸಿದ: "ಅವ್ವ, ಪಾಪ ಹತ್ತಾ ಅವ್ರಲ್ಲ ಅಂತ ಭಾವಂಗೆ ದಾರಿ ಬುಟ್ಟೆ. ಹಿಂದಿಂದ ಬಂದು ಹೊಡ್ದುಬುಟ್ರು."

ಅತ್ತೆ ನನ್ನನ್ನೊಮ್ಮೆ ನೋಡಿದರು. ನನ್ನ ಎಲೆಯತ್ತ ಬರುತ್ತಿದ್ದ ಕಡುಬು ಅವನ ಎಲೆಗೆ ಹೋಯಿತು.

"ಗೆದ್ದೋನು ನಾನು ಕಣತ್ತೆ," ಅಂದೆ.

"ಹೌದಂತಲ್ಲ. ಗೆದ್ದೋರಿಗೆ ಹೊಟ್ಟೆ ತುಂಬಿರ್ತದೆ ಬುಡಿ," ಅಂದರು.