ಮುಂದೋಡಿಸಿದ ಸಿನಿಮಾ

ನಿನ್ನೆ ಸಂಜೆ ಮೊಬೈಲಿನಲ್ಲಿ ಸಿನಿಮಾ ಹಾಕಿಕೊಂಡು ಕೂತಿದ್ದೆ. ಐದು ನಿಮಿಷವಾಗಿರಲಿಲ್ಲ, ಹೆಬ್ಬೆರಳು ತಾನಾಗಿ ಮುಂದೋಡಿಸುವ ಗುರುತಿನತ್ತ ಹೋಯಿತು. ಹೋಗಿ, ಅಲ್ಲೇ ನಿಂತಿತು. ಅಕ್ಕ ನೆನಪಾದಳು.

ನಿಮ್ಮಲ್ಲಿ ಮುಚ್ಚುಮರೆ ಏಕೆ? ಅಫಜಲಪುರದ ಬಸ್ ನಿಲ್ದಾಣ ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ಎದ್ದು ಬಾಗಿಲಲ್ಲಿ ನಿಲ್ಲುವ ಆಸಾಮಿ ನಾನು. ಚಹಾ ಆರುವ ತನಕ ಕಾಯಲಾರದೆ ಕಪ್ಪಿನಿಂದ ಬಸಿಗೆ ಸುರಿದುಕೊಳ್ಳುತ್ತೇನೆ. ಕಂಡಕ್ಟರುಗಳು ಬೈದು ಬೈದು ಸುಸ್ತಾಗಿದ್ದಾರೆ.

ಎರಡು ವರ್ಷದ ಹಿಂದೆ ಅಕ್ಕ ನಿಂಬರ್ಗಾದಿಂದ ನಮ್ಮ ಮನೆಗೆ ಬಂದಿದ್ದಳು. ಅದಕ್ಕೆ ಕೆಲವು ವಾರ ಮೊದಲು ತೊಗರಿ ಕೊಯ್ಯಲು ಹೆಂಗಸರು ಹೊರಟಿದ್ದ ಟಂಟಂ ಆಟೋ ಮಗುಚಿ, ಅವಳ ಪಕ್ಕದಲ್ಲಿದ್ದ ಗೆಳತಿ ಶಾಂತಾ ತೀರಿಕೊಂಡಿದ್ದಳು. ಅಕ್ಕನ ಮೊಣಕೈ ತರಚಿತ್ತು, ಅಷ್ಟೇ. ಗಾಯ ಮಾಯಿತು, ಮಾತು ಮರಳಲಿಲ್ಲ. ಸಾವಾದ ಮನೆಗೆ ರೊಟ್ಟಿಯ ಬುತ್ತಿ ಒಯ್ಯುವುದು ನಮ್ಮಲ್ಲಿ ರಿವಾಜು. ಅದೇ ಓಣಿಯಲ್ಲಿದ್ದರೂ ಶಾಂತಾಳ ಅವ್ವನ ಮನೆಗೆ ಅಕ್ಕ ಬುತ್ತಿ ಒಯ್ದಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಯಾವುದೋ ಸಿನಿಮಾ ಹಾಕಿದೆ. ಅಪಘಾತದಲ್ಲಿ ಬದುಕುಳಿದ ಒಬ್ಬ ಹೆಣ್ಣುಮಗಳು. ದಿನಾ ಬಸ್ ನಿಲ್ದಾಣಕ್ಕೆ ಬರುತ್ತಾಳೆ, ಬೆಂಚಿನ ಮೇಲೆ ಕೂರುತ್ತಾಳೆ, ಬಸ್ಸು ಬಂದರೆ ಹತ್ತದೆ ಮನೆಗೆ ಹೋಗುತ್ತಾಳೆ. ಹಾಡಿಲ್ಲ, ಗೋಳಾಟವಿಲ್ಲ. ಮೂರನೆಯ ಸಲ ಅವಳು ಬಂದು ಕೂತಾಗ ನನಗೆ ತಡೆಯಲಾಗಲಿಲ್ಲ, ಮುಂದೋಡಿಸಿಬಿಟ್ಟೆ.

“ಯಾಕ್ ಓಡಿಸ್ದಿ ತಮ್ಮಾ? ಹಿಂದಕ ತಗೋ. ಆಕಿ ಕುಂತಷ್ಟೊತ್ತು ನಾವೂ ಕುಂದ್ರೋಣು.”

ಅಷ್ಟು ವಾರಗಳಲ್ಲಿ ಅಕ್ಕ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಹಿಂದಕ್ಕೆ ತಂದೆ. ಕೊನೆಗೆ ಆ ಹೆಣ್ಣುಮಗಳು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು, ಸಿನಿಮಾ ಮುಗಿಯಿತು. ಇಷ್ಟೇನಾ ಅಂದುಕೊಂಡು ತಿರುಗಿದರೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

“ಶಾಂತಾ ಹಿಂದ ಕುಂತಿದ್ಳು. ಬಾ ಅಂತ ನಾನೇ ಕರ್ದು ಬಾಜೂಕ ಕುಂದ್ರಿಸ್ಕೊಂಡೆ.”

ನಾನು ತಕ್ಷಣ, ಅದರಲ್ಲಿ ನಿನ್ನ ತಪ್ಪೇನಿದೆ, ಎಲ್ಲ ಹಣೆಬರಹ ಎಂದು ಶುರುಮಾಡಿದೆ. ಅವಳು ಬಾಯಿ ಮುಚ್ಚಿಕೊಂಡಳು. ರಿಮೋಟ್ ಕೆಳಗಿಟ್ಟ ಮೇಲೂ ನಾನು ಓಡಿಸುವುದನ್ನು ಬಿಟ್ಟಿರಲಿಲ್ಲ. ನಾಚಿಕೆಯಾಗಿ ಸುಮ್ಮನೆ ಕೂತೆ. ಎದುರಿಗಿದ್ದ ಚಹಾ ಆರಿ ಕೆನೆಗಟ್ಟಿತು. ಆಮೇಲೆ ಅವಳಾಗಿಯೇ ಹೇಳಿದಳು: ಶಾಂತಾ ಅಂದು ತೊಟ್ಟಿದ್ದ ಹಸಿರು ಬಳೆ, ನಗಿಸಲು ಹೊರಟು ಅರ್ಧಕ್ಕೆ ನಿಂತ ಚಾಷ್ಟಿಯ ಮಾತು, ತನ್ನ ಕೈಯಿಂದ ಜಾರಿದ ಅವಳ ಕೈ. ಮರುವಾರ ಅಕ್ಕ ಊರಿಗೆ ಮರಳಿದಳು.

ನಿನ್ನೆ ಅದನ್ನೆಲ್ಲ ನೆನೆಯುತ್ತ ಕೂತಿದ್ದಾಗಲೇ ಅವಳ ಫೋನ್ ಬಂತು. ಕೊನೆಗೂ ಶಾಂತಾಳ ಅವ್ವನ ಮನೆಗೆ ಬುತ್ತಿ ಒಯ್ದಿದ್ದೆ ಅಂದಳು. ಏನಂದರು, ಬೈದರಾ, ಅತ್ತರಾ ಎಂಬ ಪ್ರಶ್ನೆಗಳೆಲ್ಲ ನನ್ನ ನಾಲಿಗೆಯ ತುದಿಗೆ ಬಂದಿದ್ದವು. ನುಂಗಿಕೊಂಡೆ. ಅವಳ ಉಸಿರು ಕೇಳುತ್ತ ಬಹಳ ಹೊತ್ತು ಫೋನ್ ಹಿಡಿದೇ ಇದ್ದೆ.

“ಆಕಿ ಅವ್ವ ರೊಟ್ಟಿ ಮುರ್ದು ಅರ್ಧ ನನ್ನ ಕೈಯಾಗ ಇಟ್ಳು, ತಮ್ಮಾ,” ಅಂದಳು ಅಕ್ಕ. “ಬಾ, ನನ್ನ ಬಾಜೂಕ ಕುಂದ್ರು ಅಂದ್ಳು.”