ಗೋಡೆಗೆ ಮಡಚುವ ಮಂಚ

ಮಲಾಡ್ ಪೂರ್ವದಲ್ಲಿ, ಗುಡ್ಡದ ಕಡೆಗೆ ಏರುವ ಗಲ್ಲಿಯೊಂದರಲ್ಲಿ ರುಕ್ಮಿಣಿಬಾಯಿಯ ಖೋಲಿ. ಹನ್ನೆರಡಡಿ ಉದ್ದ, ಹತ್ತಡಿ ಅಗಲ. ಬಾಗಿಲು ತೆರೆದರೆ ಎದುರಿಗೇ ಒಲೆಯ ಕಟ್ಟೆ, ಅದರ ಪಕ್ಕಕ್ಕೆ ಮೊಣಕಾಲೆತ್ತರದ ಗೋಡೆ ಕಟ್ಟಿದ ಮೋರಿ; ಪಾತ್ರೆ ತೊಳೆಯುವುದೂ ಅಲ್ಲೇ, ಮೈ ತೊಳೆಯುವುದೂ ಅಲ್ಲೇ. ಮೇಲೆ ತಗಡಿನ ಪತ್ರಾ. ಇಂಡಿ ತಾಲೂಕಿನಿಂದ ಮದುವೆಯಾಗಿ ಬಂದಾಗ ಇಲ್ಲಿ ಗೋಡೆಗಳೂ ಇರಲಿಲ್ಲ, ತಾಡಪತ್ರಿ ಕಟ್ಟಿಕೊಂಡಿದ್ದರು. ಗಂಡ ಹಣಮಂತ ಗೌಂಡಿ, ಮನೆ ಕಟ್ಟುವವ. ಕಂಡವರಿಗೆಲ್ಲ ಮಾಳಿಗೆಯ ಮೇಲೆ ಮಾಳಿಗೆ ಎಬ್ಬಿಸುತ್ತ, ಕೆಲಸ ಮುಗಿದಲ್ಲಿ ಉಳಿದ ಇಟ್ಟಿಗೆ, ಸಿಮೆಂಟು ಕೇಳಿ ತಂದು ತನ್ನ ನಾಲ್ಕು ಗೋಡೆ ನಿಲ್ಲಿಸಿದ. ಅವನ ಕೈಗೆ ಸಿಮೆಂಟಿನ ಮಾಲು ಕಲಸಿ ಕೊಟ್ಟವಳು ರುಕ್ಮಿಣಿಬಾಯಿ. ಆ ಗೋಡೆಗಳಲ್ಲಿ ಯಾವ ಮೂಲೆ ಸೊಟ್ಟಗಿದೆ, ಯಾರ ಮೇಲಿನ ಸಿಟ್ಟಿನಲ್ಲಿ ಕಟ್ಟಿದ್ದಕ್ಕೆ ಸೊಟ್ಟಗಾಯಿತು ಎನ್ನುವುದೂ ಆಕೆಗೆ ಗೊತ್ತು.

ಕೆಲವು ವರ್ಷಗಳ ಹಿಂದೆ ಹಣಮಂತ ಕಟ್ಟಡಕ್ಕೆ ಕಟ್ಟಿದ್ದ ಬಿದಿರಿನ ಪರಾಂಚಿಯ ಮೇಲಿಂದ ಜಾರಿ ಬಿದ್ದ. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಕೋಲೂರಿಕೊಂಡು ಗಲ್ಲಿಯ ತುದಿಯವರೆಗೆ ಹೋಗಿಬರಬಲ್ಲ. ಆದರೆ ಹೆಚ್ಚು ಹೊತ್ತು ಕೂತರೆ ಬೆನ್ನು ಕಿತ್ತು ಬರುತ್ತದೆ, ಅಡ್ಡಾದರಷ್ಟೇ ಸಮಾಧಾನ. ನೆಲದ ಮೇಲೆ ಮಲಗಿದರೆ ಏಳಲಾಗದು ಎಂದು ಕಬ್ಬಿಣದ ಮಂಚ ತಂದರು. ಮಂಚ ಒಳಗೆ ಬಂತು, ಮನೆಯ ನೆಲ ಹೊರಗೆ ಹೋಯಿತು. ಅಂದಿನಿಂದ ರುಕ್ಮಿಣಿಬಾಯಿ ಒಲೆಗೂ ಮೋರಿಗೂ ಮೈ ಓರೆ ಮಾಡಿಕೊಂಡೇ ಓಡಾಡಿದಳು. ಮಂಚದ ಕೆಳಗೆ ಡಬ್ಬಿಗಳು, ಮೇಲೆ ಗಂಡ, ಕಾಲ ಬಳಿ ಒಗೆದ ಬಟ್ಟೆಯ ಗುಡ್ಡೆ.

ಒಬ್ಬಳೇ ಮಗಳು ಸೋನಾಲಿ. ಮಲಾಡ್ ಸ್ಟೇಷನ್ನಿನ ಹತ್ತಿರ ಪರದೆ, ಚಾದರು, ದಿಂಬಿನ ಚೀಲ ಮಾರುವ ದೊಡ್ಡ ಅಂಗಡಿಯಲ್ಲಿ ಕೆಲಸ. ಗಿರಾಕಿಗಳು ತಮ್ಮ ತಮ್ಮ ಮನೆಯ ಫೋಟೋ ತೋರಿಸಿ, "ಇದಕ್ಕೆ ಯಾವ ಬಣ್ಣ ಒಪ್ಪುತ್ತದೆ" ಎಂದು ಅವಳನ್ನು ಕೇಳುತ್ತಾರೆ. ಅವಳು ಹೇಳಿದ ಬಣ್ಣವನ್ನೇ ಕೊಳ್ಳುತ್ತಾರೆ. ಆದರೆ ಶಾಲೆಯ ದಿನದಿಂದ ಇಂದಿನವರೆಗೆ ಅವಳು ಒಬ್ಬ ಗೆಳತಿಯನ್ನೂ ಈ ಗಲ್ಲಿಯೊಳಗೆ ಕರೆತಂದವಳಲ್ಲ. ಯಾರಾದರೂ ರಿಕ್ಷಾದಲ್ಲಿ ಬಿಡಲು ಬಂದರೆ ದೊಡ್ಡ ರಸ್ತೆಯಲ್ಲೇ ಇಳಿದು, ರಿಕ್ಷಾ ತಿರುಗಿದ ಮೇಲೆಯೇ ಮನೆಯ ಕಡೆ ಹೆಜ್ಜೆ ಹಾಕುವಳು.

ಬೊರಿವಲಿಯ ಕಡೆಯಿಂದ ಸಂಬಂಧ ಬಂದಾಗ ಈ ಸಂಕಟ ಬಾಯಿಗೆ ಬಂತು. ಹುಡುಗನ ಹೆಸರು ಶಿವಪುತ್ರ. ಕಂಪನಿಯೊಂದರಲ್ಲಿ ನೌಕರಿ, ಬಿಲ್ಡಿಂಗಿನಲ್ಲಿ ಮನೆ. ಫೋಟೋ ಒಪ್ಪಿಗೆಯಾಗಿ, ಮುಂದಿನ ತಿಂಗಳು ಹೆಣ್ಣು ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದ್ದರು.

"ಅವ್ವಾ, ಮನಿ ಹಿಂಗ ಇದ್ರ ನಾ ಯಾರನ್ನೂ ಒಳಗ ಕರಿಯಂಗಿಲ್ಲ," ಎಂದಳು ಸೋನಾಲಿ. ದನಿ ಏರಿರಲಿಲ್ಲ. ಅದಕ್ಕೇ ರುಕ್ಮಿಣಿಬಾಯಿಗೆ ಹೆದರಿಕೆಯಾಯಿತು.

ಆಮೇಲೆ ಅವಳು ಮೊಬೈಲಿನಲ್ಲಿ ತನ್ನಂಥವರ ಖೋಲಿಗಳನ್ನು ತೋರಿಸಿದಳು. ಗೋಡೆಗೆ ತಿಳಿ ಬಣ್ಣ ಹಚ್ಚಿದರೆ ಜಾಗ ಹಿಗ್ಗಿದಂತೆ ಕಾಣುತ್ತದೆ. ಕಿಟಕಿಯ ಎದುರು ಕನ್ನಡಿ ಇಟ್ಟರೆ ಬೆಳಕು ಇಮ್ಮಡಿಯಾಗುತ್ತದೆ. ಡಬ್ಬಿಗಳನ್ನೆಲ್ಲ ಪತ್ರಾದ ಕೆಳಗಿನ ಹಲಗೆಗೆ ಏರಿಸಬೇಕು. ಗೋಡೆಗುಂಟ ಮುಚ್ಚಳದ ಬೆಂಚು ಮಾಡಿಸಿದರೆ ಮೇಲೆ ಕೂರಲಿಕ್ಕೂ ಆಯಿತು, ಒಳಗೆ ಕೌದಿ, ಪಾತ್ರೆ ಇಡಲಿಕ್ಕೂ ಆಯಿತು. ಇನ್ನು ಮಂಚ. ಹಲಗೆಯ ಮಂಚವನ್ನು ಕೀಲು ಹಾಕಿ ಗೋಡೆಗೆ ಕೂರಿಸಿದರೆ ಹಗಲು ಎತ್ತಿ ಮಡಚಬಹುದು, ಬೇಕಾದಾಗ ಇಳಿಸಬಹುದು.

ಹಣಮಂತ ಮಲಗಿದಲ್ಲಿಂದಲೇ ಕತ್ತು ಎತ್ತಿ ನೋಡಿದ. "ಚಲೋ ಅದ. ಆದ್ರ ನನ್ನ ಒಳಗ ಇಟ್ಟು ಮಡಚಬ್ಯಾಡ ಮತ್ತ," ಎಂದ. ಮೂವರೂ ನಕ್ಕರು.

ಬಡಿಗ ಬಂದ, ಬಣ್ಣ ಬಳಿದಾಯಿತು. ಕಬ್ಬಿಣದ ಮಂಚವನ್ನು ಗುಜರಿಯ ಭಂಗಾರವಾಲಾ ಬಿಚ್ಚಿ ಕೈಗಾಡಿಗೆ ಹೇರಿಕೊಂಡು ಹೋದ. ಮರುದಿನ ಬೆಳಿಗ್ಗೆ ರುಕ್ಮಿಣಿಬಾಯಿ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಸಲ ಕಸ ಗುಡಿಸಿದಳು. ಆಮೇಲೆ ಅಕ್ಕಿ ಆರಿಸಲು ನೆಲದ ಮೇಲೆ ಕೂತು ಎರಡೂ ಕಾಲು ನೀಡಿದಳು. ಕಾಲಿಗೆ ಏನೂ ತಾಗಲಿಲ್ಲ. ಕನ್ನಡಿಯಲ್ಲಿ ಕಿಟಕಿಯಾಚೆಯ ತುಂಡು ಆಕಾಶ ಬಿದ್ದಿತ್ತು. ಈ ಮನೆ ತನ್ನದೇ ಎಂದು ನಂಬಲು ಆಕೆಗೆ ತುಸು ಹೊತ್ತು ಹಿಡಿಯಿತು. ಎಷ್ಟೋ ವರ್ಷದ ಮೇಲೆ ಎದೆ ಹಗುರವಾಗಿತ್ತು. ಆ ಸುಖದಲ್ಲಿ ಗಂಡನ ಕಡೆ ನೋಡುವುದನ್ನು ಆಕೆ ಮರೆತಳು.

ಊಟವಾದ ಮೇಲೆ ಮಧ್ಯಾಹ್ನ ಮಂಚ ಇಳಿಸುವುದು ಎಂದು ಮಾತಾಗಿತ್ತು. ಮೊದಮೊದಲು ಇಳಿಸಿದರು. ಇಳಿಸಿದರೆ ಬೆಂಚಿನ ಮುಚ್ಚಳ ತೆರೆಯಲಾಗದು, ಮೋರಿಗೆ ಹೋಗಲು ಮತ್ತೆ ಮೈ ಓರೆ ಮಾಡಬೇಕು. ರುಕ್ಮಿಣಿಬಾಯಿ ಪಾತ್ರೆ ಹಿಡಿದು ನಿಂತಿದ್ದನ್ನು ಕಂಡು ಹಣಮಂತ ತಾನೇ ಏಳುತ್ತಿದ್ದ. ಬರಬರುತ್ತ ಬೆಳಗಿನ ಚಹಾ ಕುಡಿದವನೇ ಕೋಲು ಹಿಡಿದು ಗಲ್ಲಿಯ ತುದಿಯ ಶೆಟ್ಟೆಪ್ಪನ ಅಂಗಡಿಗೆ ಹೊರಡತೊಡಗಿದ. ಶೆಟ್ಟೆಪ್ಪ ದರ್ಜಿ, ಅವನೂ ಇಂಡಿಯ ಕಡೆಯವನೇ. ಅಂಗಡಿಯ ಮುಂದೆ ಬಂದವರು ಕೂರಲು ಒಂದು ಕಟ್ಟಿಗೆಯ ಬಾಕು ಹಾಕಿದ್ದ.

"ದಿನಾ ಅಲ್ಲೇನು ಮಾಡ್ತೀರಿ?" ಎಂದು ರುಕ್ಮಿಣಿಬಾಯಿ ಕೇಳಿದಾಗ, "ಮಾತಾಡಾಕ ಮಂದಿ ಇರ್ತಾರ. ಒಳಗ ಬ್ಯಾಸರ," ಎಂದ.

ಆಕೆ ಅದನ್ನು ನಂಬಿದಳು. ನಂಬಿದರೆ ನೆಲ ಖಾಲಿ ಉಳಿಯುತ್ತಿತ್ತು. ಸಂಜೆ ಅವನು ಬರುವಾಗ ತುಟಿ ಕಚ್ಚಿ ಹಿಡಿದಿರುತ್ತಿದ್ದುದನ್ನೂ, ಬೆನ್ನಿಗೆ ಹಚ್ಚುವ ಮುಲಾಮಿನ ಡಬ್ಬಿ ಬೇಗ ಬೇಗ ತೀರುತ್ತಿದ್ದುದನ್ನೂ ಕಂಡರೂ ಕೇಳಲಿಲ್ಲ.

ನೋಡಲು ಬರುವ ಭಾನುವಾರ ಹಣಮಂತ ಒಗೆದ ಅಂಗಿ ತೊಟ್ಟು, ತಲೆಗೆ ಬಿಳಿ ಟೊಪ್ಪಿಗೆ ಇಟ್ಟು ಬೆಂಚಿನ ತುದಿಗೆ ಕೂತ. "ನಾ ಇರ್ಲೇನು?" ಎಂದು ಮಗಳನ್ನು ಕೇಳಿದ.

ಸೋನಾಲಿ ಕನ್ನಡಿಯ ಮುಂದೆ ಕೂದಲು ಬಾಚಿಕೊಳ್ಳುತ್ತಿದ್ದಳು. ಕೈ ನಿಂತಿತು. "ಅಪ್ಪಾ, ಬೆಂಚ್ ಮ್ಯಾಲ ನಾಲ್ಕ ಮಂದಿ ಹಿಡಿತಾರ. ಬರಾವ್ರು ನಾಲ್ಕ ಮಂದಿ. ನೀ ಕುಂತ್ರ ಬೆನ್ನು ನೋಯ್ತದ. ಮಂಚ ಇಳಿಸಿದ್ರ ಅವರಿಗೆ ನಿಲ್ಲಾಕ ಜಗಾನ ಇಲ್ಲ. ಥೋಡಾ ಹೊತ್ತು ಶೆಟ್ಟೆಪ್ಪ ಕಾಕಾನ ಕಡೆ ಇರು. ಆಮ್ಯಾಲ ಕರೀತೀವಿ."

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಖೋಲಿ ಅಷ್ಟೇ ಇತ್ತು.

"ಹೌದಲ್ಲ. ಕರೀರಿ ಮತ್ತ," ಎಂದು ಹಣಮಂತ ಎದ್ದ.

ಬಂದವರು ಹುಡುಗ ಶಿವಪುತ್ರ, ಅವನ ಅಪ್ಪ ಅಣವೀರಪ್ಪ, ಅವ್ವ ವಂದನಾ ಮತ್ತು ಒಬ್ಬ ಚಿಕ್ಕಮ್ಮ. ವಂದನಾ ಒಳಗೆ ಕಾಲಿಟ್ಟವಳೇ ಸುತ್ತ ನೋಡಿ, "ಕಿತ್ನಾ ಸಾಫ್ ಇಟ್ಟೀರಿ ರೀ. ಹೊರಗಿಂದ ನೋಡಿದ್ರ ಒಳಗ ಇಷ್ಟು ಜಗಾ ಅದ ಅನಸೂದೇ ಇಲ್ಲ," ಎಂದಳು. ಸೋನಾಲಿಯ ಮುಖ ಅರಳಿತು. ಬೆಂಚಿನ ಮುಚ್ಚಳ ಎತ್ತಿ ತೋರಿಸಿದಳು. ಗೋಡೆಗೆ ಅಂಟಿದ ಹಲಗೆ ಏನೆಂದು ಚಿಕ್ಕಮ್ಮ ಕೇಳಿದಾಗ, "ಮಂಚ ರೀ. ಯಾರರ ಬೀಗರು ಬಂದ್ರ ಇಳಿಸ್ತೀವಿ," ಎಂದಳು.

ರುಕ್ಮಿಣಿಬಾಯಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು.

"ಹುಡುಗಿ ತಂದಿಯವರು ಕಾಣವಲ್ಲರು?" ಎಂದರು ಅಣವೀರಪ್ಪ.

"ಊರಿಗೆ ಹೋಗ್ಯಾರ್ರಿ. ಹೊಲದ ಕೆಲಸ ಇತ್ತು," ಎಂದಳು ಸೋನಾಲಿ. ಮಾತು ಬಾಯಿಂದ ಜಾರಿದ ಮೇಲೆ ಅವ್ವನ ಕಡೆ ನೋಡಿದಳು. ಎಲ್ಲರೂ ಅವ್ವನ ಕಡೆ ನೋಡಿದರು.

"ಹೌದ್ರಿ," ಎಂದಳು ರುಕ್ಮಿಣಿಬಾಯಿ.

ಸ್ವಲ್ಪ ಹೊತ್ತಿಗೆ ಅಣವೀರಪ್ಪ ಎಲೆ-ಅಡಿಕೆ ಹಾಕಿಕೊಂಡು ಬರುತ್ತೇನೆಂದು ಹೊರಗೆ ಹೋದರು. ಬಂದಾಗ ಖುಷಿಯಾಗಿದ್ದರು. ಹೊರಡುವಾಗ ವಂದನಾ ಸೋನಾಲಿಯ ಗಲ್ಲ ಹಿಡಿದು, "ಫೋನ್ ಮಾಡ್ತೀವಿ," ಎಂದಳು.

ಅವರನ್ನು ಕಳಿಸಿದ ಮೇಲೆ ರುಕ್ಮಿಣಿಬಾಯಿ ಗಂಡನನ್ನು ಕರೆಯಲು ಹೋದಳು. ಹಣಮಂತ ಬಾಕಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ, ಮುಖ ಬೂದಿಯಾಗಿತ್ತು. ಶೆಟ್ಟೆಪ್ಪ ಹೊಲಿಗೆಯ ಮಷೀನಿನಿಂದ ತಲೆ ಎತ್ತಲಿಲ್ಲ. ಮನೆಗೆ ಕರೆತಂದು ಮಂಚ ಇಳಿಸಿದರು. ಸೋನಾಲಿ ಬಗ್ಗಿ, "ಅಪ್ಪಾ, ಅವರಿಗೆ ಮನಸು ಬಂದದ," ಎಂದಳು.

"ಗೊತ್ತದ," ಎಂದ ಹಣಮಂತ. "ಬೀಗರು ಅಲ್ಲಿಗೇ ಬಂದಿದ್ರು. ನನ್ನ ಬಾಜೂಕ ಕುಂತ್ರು. ನಮ್ಮ ಕನ್ನಡ ಕೇಳಿ ಖುಷಿ ಆತು ಅವರಿಗೆ. ಹಣಮಂತನ ಮನಿ ಮಂದಿ ಹ್ಯಾಂಗ ಅಂತ ಕೇಳಿದ್ರು."

"ನೀವೇನಂದ್ರಿ?" ಎಂದಳು ರುಕ್ಮಿಣಿಬಾಯಿ.

"ಚಲೋ ಮಂದಿ ಅಂದೆ. ಹುಡುಗಿ ಭಾಳ ಶಾಣ್ಯಾಕಿ ಅಂದೆ. ತಂದಿ ಊರಿಗೆ ಹೋಗ್ಯಾನಂತಲ್ಲ ಅಂದ್ರು. ಆವಾಗ ತಿಳೀತು ನನಗ. ಹೌದ್ರಿ, ಊರಾಗ ಅದಾನ ಅಂದೆ. ನೀವ್ಯಾರು ಅಂದ್ರು. ಶೆಟ್ಟೆಪ್ಪನ ಅಣ್ಣ ಅಂದೆ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಒಪ್ಪಿಸಿದ ಕೆಲಸ ಮುಗಿಸಿ ಬಂದವನ ಹಾಗೆ ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದ. ಸೋನಾಲಿ ಮೋರಿಗೆ ಹೋಗಿ, ತೊಳೆದಿದ್ದ ಕಪ್ಪುಗಳನ್ನೇ ಮತ್ತೆ ತೊಳೆಯಲು ಕೂತಳು. ತೊಳೆಯುತ್ತಲೇ, "ನಾ ಏನ್ ಮಾಡ್ಬೇಕಿತ್ತವ್ವಾ? ಅವರು ಮನಿ ಛಂದ ಅದ ಅಂದಿದ್ರು. ಮೊದಲನೇ ಸಲ ಒಬ್ಬರು ಹಂಗ ಅಂದಿದ್ರು," ಎಂದಳು. ಬೈಯಲು ರುಕ್ಮಿಣಿಬಾಯಿಗೆ ಬಾಯಿರಲಿಲ್ಲ. ಮನೆ ಛಂದ ಎಂದಾಗ ಆಕೆಯ ಎದೆಯೂ ಉಬ್ಬಿತ್ತು.

ಎರಡು ದಿನ ಬಿಟ್ಟು ಬೊರಿವಲಿಯಿಂದ ಫೋನು ಬಂತು. ಹುಡುಗಿ ಒಪ್ಪಿಗೆ, ತಂದೆಯವರು ಊರಿಂದ ಬಂದೊಡನೆ ಮಾತುಕತೆಗೆ ಕೂರೋಣ.

ಸೋನಾಲಿ ಉಣ್ಣಲಿಲ್ಲ. ಹಣಮಂತನೇ ದಾರಿ ಹೇಳಿದ. "ಊರಾಗ ಜಡ್ಡ ಬಿದ್ದೀನಿ ಅಂತ ಹೇಳ್ರಿ. ಲಗ್ನಕ್ಕೂ ಬರಾಕ ಆಗಂಗಿಲ್ಲ ಅನ್ರಿ. ನನ್ನ ತಮ್ಮ ಊರಿಂದ ಬಂದು ಧಾರಿ ಎರೀತಾನ. ಲಗ್ನ ಆಗೂತನಕ ನಾ ಶೆಟ್ಟೆಪ್ಪನ ಅಂಗಡ್ಯಾಗ ಬಿದ್ದಿರ್ತೀನಿ."

ಅವನು ಇದನ್ನೆಲ್ಲ ಮೊದಲೇ ಕೂತು ಯೋಚಿಸಿಟ್ಟಿದ್ದ ಎಂಬುದು ರುಕ್ಮಿಣಿಬಾಯಿಗೆ ತಿಳಿಯಿತು. ಮಗಳ ಧಾರೆಗೂ ತಾನು ಬೇಡ ಎನ್ನುವುದನ್ನು ಆ ಬಾಕಿನ ಮೇಲೆ ಕೂತು ಒಪ್ಪಿಕೊಂಡುಬಿಟ್ಟಿದ್ದ. ಆಕೆಗೆ ಅಳು ಬರಲಿಲ್ಲ, ಭಯವಾಯಿತು.

ಮಾರನೆಯ ದಿನ ಯಾರಿಗೂ ಹೇಳದೆ ಲೋಕಲ್ ಹತ್ತಿ ಬೊರಿವಲಿಗೆ ಹೋದಳು. ಅಣವೀರಪ್ಪ, ವಂದನಾ ಇಬ್ಬರೂ ಮನೆಯಲ್ಲಿದ್ದರು. ಕುರ್ಚಿ ಕೊಟ್ಟರೂ ಕೂರದೆ, ಬಾಗಿಲ ಹತ್ತಿರವೇ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಾಕಿನ ಮೇಲೆ ಕೂತಿದ್ದವರೇ ನಮ್ಮ ಯಜಮಾನರು ಎಂದಳು.

ಅಣವೀರಪ್ಪ ಕಣ್ಣು ಮುಚ್ಚಿದರು. "ಅವರು ನನಗ ಎಲಿ ಮಡಚಿ ಕೈಯಾಗ ಕೊಟ್ರು," ಎಂದಷ್ಟೇ ಹೇಳಿ ಒಳಗೆ ಎದ್ದು ಹೋದರು.

ವಂದನಾ ಸಿಟ್ಟಾಗಲಿಲ್ಲ. "ಅಕ್ಕಾ, ನಾವೂ ಖೋಲಿಯೊಳಗ ಇದ್ದು ಬಂದಾವ್ರೇ. ತಂದಿಗೆ ಸೊಂಟ ಇಲ್ಲ ಅಂತ ನಾವು ಬ್ಯಾಡ ಅಂತಿರ್ಲಿಲ್ಲ. ಆದ್ರ ಇದ್ದ ಅಪ್ಪನ್ನ ಇಲ್ಲ ಅಂದ ಹುಡುಗಿ, ನಾಳೆ ನಾವು ಹಾಸಿಗಿ ಹಿಡಿದ್ರ ಏನಂತಾಳ? ನೀವೇ ಹೇಳ್ರಿ."

"ಆಕಿ ಒಬ್ಬಾಕಿನ ಅಂದಿಲ್ರಿ. ಹೌದು ಅಂದಾಕಿ ನಾ," ಎಂದಳು ರುಕ್ಮಿಣಿಬಾಯಿ. ವಂದನಾ ನೀರು ತಂದುಕೊಟ್ಟಳು, ಲಿಫ್ಟಿನವರೆಗೆ ಬಂದು ಬಿಟ್ಟಳು.

ಸಂಬಂಧ ಮುರಿಯಿತು. ನಡುವಿನವರ ಕೈಲಿ ಹೇಳಿ ಕಳಿಸಿದರು. ಸೋನಾಲಿ ಅವ್ವನೊಡನೆ ಮಾತು ಬಿಟ್ಟಳು. "ನನ್ನ ಒಂದು ಮಾತು ಕೇಳಿ ಹೋಗಬೇಕಿತ್ತು," ಎಂದು ಒಮ್ಮೆ ಅಂದದ್ದೇ ಕೊನೆ. ರುಕ್ಮಿಣಿಬಾಯಿ ಹೋದದ್ದು ತಪ್ಪೋ ಸರಿಯೋ ಎಂದು ತಾನೂ ತೀರ್ಮಾನಿಸಲಾರಳು. ಒಮ್ಮೊಮ್ಮೆ ಮಗಳ ಮುಖ ನೋಡಿ, ಸುಮ್ಮನಿದ್ದಿದ್ದರೆ ಇಷ್ಟೊತ್ತಿಗೆ ಮನೆಗೆ ಹಂದರ ಬೀಳುತ್ತಿತ್ತು ಎನಿಸುತ್ತದೆ. ಗಂಡನ ಕಡೆ ನೋಡಿದಾಗ ಹಾಗೆ ಅನಿಸಿದ್ದಕ್ಕೇ ನಾಚಿಕೆಯಾಗುತ್ತದೆ.

ಮಾತಿಲ್ಲದ ಆ ದಿನಗಳಲ್ಲೊಂದು ಬೆಳಿಗ್ಗೆ, ಕೆಲಸಕ್ಕೆ ಹೊರಟ ಸೋನಾಲಿ ಅಪ್ಪ ಕೋಲಿಗೆ ಕೈ ಹಾಕುವುದನ್ನು ನೋಡಿದಳು. ಚೀಲ ಕೆಳಗಿಟ್ಟು, ಮಡಚಿದ್ದ ಮಂಚವನ್ನು ತಾನೇ ಇಳಿಸಿ, ಮೇಲೆ ಹಾಸಿಗೆ ಹಾಸಿ ಹೋದಳು. ಅಂದಿನಿಂದ ಮಂಚವನ್ನು ಹಗಲು ಮಡಚುವುದಿಲ್ಲ. ರುಕ್ಮಿಣಿಬಾಯಿ ಮತ್ತೆ ಮೈ ಓರೆ ಮಾಡಿ ಓಡಾಡುತ್ತಾಳೆ.

ಹಣಮಂತ ಈಗ ಮನೆಯಲ್ಲೇ ಮಲಗಿರುತ್ತಾನೆ. ಆದರೆ ಬಾಗಿಲಲ್ಲಿ ಯಾರದಾದರೂ ನೆರಳು ಬಿದ್ದರೆ ಸಾಕು, ಗಡಬಡಿಸಿ ಮೊಣಕೈ ಊರಿ, ನೋವಿಗೆ ಹಲ್ಲು ಕಚ್ಚಿ, ಹೊರಗೆ ಹೋಗುವವನಂತೆ ಚಪ್ಪಲಿಗಾಗಿ ಕಾಲು ತಡಕಾಡಿಸುತ್ತಾನೆ. ಬೇಡವೆಂದು ರುಕ್ಮಿಣಿಬಾಯಿ ಎಷ್ಟು ಹೇಳಿದರೂ ಆ ಅಭ್ಯಾಸ ಹೋಗಿಲ್ಲ.

ಮೊನ್ನೆ ರಜೆಯ ದಿನ ಮೂವರೂ ಒಳಗಿದ್ದಾಗ ಹಾಗೇ ಆಯಿತು. ಸೋನಾಲಿ ಬಾಗಿಲಿಗೆ ಹೋಗಿ ನೋಡಿ ಬಂದು, ಅಪ್ಪನ ಕಾಲು ಹಿಡಿದು ಮೇಲಕ್ಕೆತ್ತಿ ಮಂಚದ ಮೇಲಿಟ್ಟಳು.

"ಗ್ಯಾಸ್‌ದವ ಬಂದಾನ ಅಪ್ಪಾ," ಎಂದಳು. "ನೀ ಮಲಕೋ."